ಸಹಾಯ ಬೇಕು: ಪ್ಲಸ್ ಟೂನಲ್ಲಿ ಬಯಾಲಜಿ ಇಲ್ಲ, ಮಗಳಿಗೆ ಪಶುವೈದ್ಯಕೀಯ ಓದಬೇಕು

ಎಲ್ಲರಿಗೂ ನಮಸ್ಕಾರ. ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವರು. ಮಗಳು ಈ ವರ್ಷ ಪ್ಲಸ್ ಟೂ ಮುಗಿಸಿದಳು. ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಕಂಪ್ಯೂಟರ್ ಸಯನ್ಸ್. ಬಯಾಲಜಿಗೆ ಸೀಟು ಸಿಗಲಿಲ್ಲವೆಂದು ಇದಕ್ಕೆ ಸೇರಿಸಿದ್ದು ನಾನೇ. ಈಗ ಅದೇ ತೊಡಕಾಗಿದೆ.

ಕಳೆದ ಮಳೆಗಾಲದಲ್ಲಿ ನಮ್ಮ ಗಿಡ್ಡ ದನ ಕರು ಹಾಕಲಾಗದೆ ರಾತ್ರಿಯಿಡೀ ಒದ್ದಾಡಿತು. ಕರುವಿನ ಒಂದು ಮುಂಗಾಲು ಒಳಗೇ ಮಡಚಿಕೊಂಡಿತ್ತು. ಡಾಕ್ಟರು ತೋಳಿಗೆ ಸೋಪುನೀರು ಹಚ್ಚಿ ಕೈಹಾಕಿ ಅದನ್ನು ನೇರ ಮಾಡುವಷ್ಟು ಹೊತ್ತೂ ಹಟ್ಟಿಯಲ್ಲಿ ಟಾರ್ಚ್ ಹಿಡಿದು ನಿಂತವಳು ಇವಳು. ಹೊರಬಂದ ಕರು ಉಸಿರಾಡದಿದ್ದಾಗ ಮೂಗಿನ ಲೋಳೆ ತೆಗೆದು, ಬೈಹುಲ್ಲಿನಿಂದ ಮೈ ಉಜ್ಜಿದ್ದೂ ಇವಳೇ. ಅಂದಿನಿಂದ ಬೇರೆ ಮಾತೇ ಇಲ್ಲ.

ಪಶುವೈದ್ಯಕೀಯ ಪದವಿಯಾದ ಬಿವಿಎಸ್‌ಸಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ನಾಲ್ಕೂ ಬೇಕು. ಸಾಮಾನ್ಯ ವರ್ಗಕ್ಕೆ ಶೇ. 50 ಅಂಕ ಬೇಕು. ಕೇರಳದ ಪೂಕೋಡು, ಮಣ್ಣುತ್ತಿ ಪಶುವೈದ್ಯಕೀಯ ಕಾಲೇಜುಗಳಿಗೆ ನೀಟ್ ಪ್ರವೇಶ ಪರೀಕ್ಷೆ ಬರೆಯಲೇಬೇಕು. ಪ್ಲಸ್ ಟೂ ಆದಮೇಲೆ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಓದಿದವರೂ ನೀಟ್ ಬರೆಯಬಹುದೆಂದು ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ಹೇಳಿತು. ಆದರೆ ಅದು ಎಂಬಿಬಿಎಸ್ ನೋಡಿಕೊಳ್ಳುವ ಆಯೋಗ. ಪಶುವೈದ್ಯಕೀಯದ ನಿಯಮ ಮಾಡುವುದು ಭಾರತೀಯ ಪಶುವೈದ್ಯಕೀಯ ಪರಿಷತ್ತು.

ಎನ್‌ಐಒಎಸ್‌ನಲ್ಲಿ (ರಾಷ್ಟ್ರೀಯ ಮುಕ್ತ ಶಾಲೆ) ಬಯಾಲಜಿ ಒಂದನ್ನೇ ಪ್ರಾಕ್ಟಿಕಲ್ ಸಮೇತ ಪಾಸು ಮಾಡಿ ಬಿವಿಎಸ್‌ಸಿ ಸೇರಿದವರು ಇಲ್ಲಿ ಯಾರಾದರೂ ಇದ್ದೀರಾ? ದಾಖಲೆ ಪರಿಶೀಲನೆಯಲ್ಲಿ ಎರಡು ಮಾರ್ಕ್‌ಲಿಸ್ಟ್ ಒಪ್ಪಿದರಾ? ಗಡಿನಾಡ ಕನ್ನಡಿಗರೆಂದು ಕರ್ನಾಟಕದಲ್ಲಿ ಅರ್ಜಿ ಹಾಕಿದವರು ಯಾವೆಲ್ಲ ಪ್ರಮಾಣಪತ್ರ ಕೊಟ್ಟಿರಿ, ದಯವಿಟ್ಟು ತಿಳಿಸಿ. ಬೇರೆ ದಾರಿಯೇ ಇಲ್ಲವೆಂದಾದರೆ ಬಯಾಲಜಿ ತೆಗೆದುಕೊಂಡು ಪ್ಲಸ್ ಟೂ ಮತ್ತೆ ಓದಿಸಲೂ ತಯಾರಿದ್ದೇನೆ. ವರ್ಷ ಹೋದರೆ ಹೋಗಲಿ.