ಸಹಾಯ ಬೇಕು: ಮಳೆ ಜೋರಾದರೆ ಅಮ್ಮ ನಡುಗುತ್ತಾರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗು, ಮಕ್ಕಂದೂರು ಕಡೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಅಮ್ಮ ಮನೆಯಲ್ಲೇ ಇದ್ದರು. ಜೀವ ಉಳಿಯಿತು. ಆದರೆ ಈಗಲೂ ಶೀಟಿನ ಮೇಲೆ ಮಳೆ ಜೋರಾಗಿ ಬಿದ್ದರೆ ಸಾಕು, ಎದ್ದು ಕೂರುತ್ತಾರೆ. ಕೈ ತಣ್ಣಗಾಗುತ್ತದೆ, ಎದೆ ಡವಡವ. ಚಪ್ಪಲಿ, ಟಾರ್ಚು, ಆಧಾರ್ ಕಾರ್ಡ್ ಇಟ್ಟ ಕವರು ದಿಂಬಿನ ಪಕ್ಕವೇ ಇರಬೇಕು. ಮೊನ್ನೆ ರಾತ್ರಿ ಲಾರಿ ಸದ್ದಿಗೂ ಬಾಗಿಲ ತನಕ ಓಡಿದರು.

"ಇಷ್ಟು ವರ್ಷ ಆಯ್ತಲ್ಲ, ಧೈರ್ಯ ತಂದ್ಕೊಳ್ಳಿ" ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹೇಳಿದ್ದೆ. ಈಗ ನೆನೆದರೆ ಬೇಜಾರಾಗುತ್ತದೆ. ಇದು ಧೈರ್ಯದ ವಿಷಯವೇ ಅಲ್ಲ. ಮಿದುಳಿನಲ್ಲಿ ಅಮಿಗ್ಡಲಾ ಅನ್ನೋ ಚಿಕ್ಕ ಭಾಗವಿದೆ, ಅಪಾಯ ಬಂತು ಅಂತ ಗಂಟೆ ಹೊಡೆಯುವುದು ಅದೇ. ಬೆಂಗಳೂರಿನ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಅವರ ತಂಡ ಇದನ್ನು ಇಲಿಗಳಲ್ಲಿ ನೋಡಿದೆ. ಒತ್ತಡ ದಿನಗಟ್ಟಲೆ ಮುಂದುವರಿದರೆ ಅಮಿಗ್ಡಲಾದ ನರಕೋಶಗಳಲ್ಲಿ ಕವಲು ಜಾಸ್ತಿಯಾಗುತ್ತವೆ, ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್‌ನಲ್ಲಿ ಕುಗ್ಗುತ್ತವೆ. ಒತ್ತಡ ನಿಂತ ಮೇಲೂ ಅಮಿಗ್ಡಲಾ ಬೇಗ ಮೊದಲಿನಂತೆ ಆಗುವುದಿಲ್ಲ.

ತೋರಿಸಿದ ಕಡೆ ನಿದ್ದೆ ಮಾತ್ರೆ ಕೊಟ್ಟು ಕಳಿಸಿದರು, ಅಷ್ಟೇ. ಮಡಿಕೇರಿ, ಕುಶಾಲನಗರ ಅಥವಾ ಮೈಸೂರಿನಲ್ಲಿ ಇಂಥ ಆಘಾತಕ್ಕೆ ಥೆರಪಿ ಮಾಡುವ, ಕನ್ನಡದಲ್ಲೇ ಮಾತಾಡುವ ಕೌನ್ಸೆಲರ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದವರು ಯಾರಾದರೂ ಇದ್ದೀರಾ? ಇನ್ನೊಂದು, ಗಾಬರಿ ಬಂದ ಹೊತ್ತಿಗೆ ಪಕ್ಕದಲ್ಲಿರುವವರು ಏನು ಮಾಡಬೇಕು? ಸದ್ಯಕ್ಕೆ ಲೈಟ್ ಹಾಕಿ, ಕೈ ಹಿಡಿದು, ನಿಧಾನಕ್ಕೆ ಉಸಿರು ಬಿಡಮ್ಮ ಅನ್ನುತ್ತೇನೆ. ಮಳೆಗಾಲ ಶುರುವಾಗಿದೆ, ಸ್ವಲ್ಪ ಬೇಗ ಹೇಳಿ.