ವಿಕಲವಾಗಿರುವುದು ಅಂಗವೇ, ಚೇತನವೇ?

ಚನ್ನರಾಯಪಟ್ಟಣದ ಶಿಕ್ಷಕಿ:
ನಮ್ಮ ಶಾಲೆಯ ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆಯ ಕರಡಿನಲ್ಲಿ ‘ಅಂಗವಿಕಲ ಮಕ್ಕಳಿಗೆ ವಿಶೇಷ ಬಹುಮಾನ’ ಎಂದಿತ್ತು. ನಾನು ಅದನ್ನು ‘ವಿಶೇಷಚೇತನ’ ಎಂದು ತಿದ್ದಿದೆ. ಸಹೋದ್ಯೋಗಿಯೊಬ್ಬರು ‘ದಿವ್ಯಾಂಗ’ ಎಂದಿರಲಿ ಎನ್ನುತ್ತಾರೆ. ಯಾವುದು ಸರಿ?

ಮೂಡಿಗೆರೆಯ ಓದುಗ:
ಹೆಸರು ಬದಲಿಸಿದರೆ ಶಾಲೆಯ ಮೆಟ್ಟಿಲು ಇಳಿಜಾರಾಗುವುದಿಲ್ಲ. 1995ರ ಕಾಯ್ದೆಯಲ್ಲಿದ್ದ 7 ಬಗೆಯ ನ್ಯೂನತೆಗಳ ಪಟ್ಟಿಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21ಕ್ಕೆ ಹೆಚ್ಚಿಸಿತು. ಬದುಕಿಗೆ ನೆರವಾಗುವುದು ಅಂಥ ಹಕ್ಕು, ಹೊಸ ಪದವಲ್ಲ.

ಬೇಲೂರು ತಾಲ್ಲೂಕಿನ ಪುನರ್ವಸತಿ ಕಾರ್ಯಕರ್ತೆ:
ಆ ಹಕ್ಕು ಮನೆಯ ಬಾಗಿಲಿಗೆ ತಲುಪುವುದು ಪದದ ಮೂಲಕವೇ, ಸರ್. ಪಟ್ಟಿಯಲ್ಲಿ ಆಟಿಸಂ, ರಕ್ತದ ಕಾಯಿಲೆಗಳಾದ ಹಿಮೋಫಿಲಿಯಾ, ತಲಸ್ಸೇಮಿಯಾಗಳೂ ಇವೆ. ‘ಅಂಗವಿಕಲರ ಗುರುತಿನ ಚೀಟಿ’ ಎಂದೊಡನೆ, ‘ನಮ್ಮ ಹುಡುಗಿಯ ಕೈಕಾಲು ಚೆನ್ನಾಗಿಯೇ ಇವೆಯಲ್ಲ, ನಮಗೇಕೆ ಅರ್ಜಿ?’ ಎಂದು ತಾಯಂದಿರು ನನ್ನನ್ನು ವಾಪಸು ಕಳಿಸಿದ್ದಾರೆ.

ಹಾಸನದ ಉಪನ್ಯಾಸಕ:
ನನಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಸರ್ಕಾರದ ಇಲಾಖೆಯ ಹೆಸರಿನಲ್ಲಿರುವ ‘ವಿಕಲಚೇತನ’ ಎಂಬ ಪದವನ್ನು ಕೇಳಿದಾಗಲೆಲ್ಲ, ಕಣ್ಣಿನ ಕೊರತೆಯನ್ನು ನನ್ನ ಚೇತನಕ್ಕೆ ಏಕೆ ಅಂಟಿಸಿದರು ಎಂದು ಸಂಕಟವಾಗುತ್ತದೆ. 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ಸೂಚಿಸಿದ ‘ದಿವ್ಯಾಂಗ’ ಪದದ ಹಿಂದೆ ಸದುದ್ದೇಶವಿದ್ದೀತು. ಆದರೆ ನನ್ನ ಕಣ್ಣಿನಲ್ಲಿ ದಿವ್ಯವಾದದ್ದೇನೂ ಇಲ್ಲ, ಬಿ.ಎಂ. ರಸ್ತೆ ದಾಟಲು ನನಗೆ ಬೇಕಿರುವುದು ಬಿಳಿ ಕೋಲು ಮತ್ತು ಅಡೆತಡೆಯಿಲ್ಲದ ಪಾದಚಾರಿ ಹಾದಿ. ‘ಅಂಧ’ ಎಂದರೆ ನನಗೆ ನೋವಿಲ್ಲ, ‘ಪಾಪ’ ಎಂದರೆ ನೋವಾಗುತ್ತದೆ. ಬೇರೊಬ್ಬರಿಗೆ ಇದು ತದ್ವಿರುದ್ಧವಾಗಿರಬಹುದು, ಆದ್ದರಿಂದ ಅವರನ್ನೇ ಕೇಳಬೇಕು. ಇನ್ನು, ಅಧಿಕಾರಿಗಳ ನಿರ್ಲಕ್ಷ್ಯಕ್ಕೆ ‘ಜಾಣಕುರುಡು’, ಸುಳ್ಳು ಕಾರಣಕ್ಕೆ ‘ಕುಂಟುನೆಪ’ ಎಂದು ನಾವು ಯೋಚಿಸದೆ ಬರೆಯುತ್ತೇವೆ. ಬೇಕೆಂದೇ ನೋಡದಿರುವವರಿಗೆ ನೋಡಲಾಗದವರ ಹೆಸರೇಕೆ? ಪದಗಳು ಸಂಸ್ಥೆಗಳಲ್ಲಿ ತಾರತಮ್ಯವನ್ನು ಬೆಳೆಸುತ್ತವೆ ಎಂದು ಸುಪ್ರೀಂ ಕೋರ್ಟ್ ಕೂಡ 2024ರ ಜುಲೈ 8ರಂದು, ಚಲನಚಿತ್ರವೊಂದರ ಪ್ರಕರಣದಲ್ಲಿ ಹೇಳಿದೆ.

ಮೂಡಿಗೆರೆಯ ಓದುಗ:
‘ಕುಂಟುನೆಪ’ ನಾನೂ ಬಳಸುವ ಮಾತು, ಇನ್ನು ಬಳಸಲಾರೆ. ಇಳಿಜಾರಿನ ಬೇಡಿಕೆಯನ್ನು ಮಾತ್ರ ಬಿಡುವುದಿಲ್ಲ.

ಹಾಸನದ ಉಪನ್ಯಾಸಕ:
ಬಿಡಲೂಬಾರದು. ಮೇಡಂ, ಆ ಮಕ್ಕಳಿಗೆ ಬಹುಮಾನ ಯಾವುದಕ್ಕೆ?

ಚನ್ನರಾಯಪಟ್ಟಣದ ಶಿಕ್ಷಕಿ:
ಒಬ್ಬಳು ಭಾವಗೀತೆಯಲ್ಲಿ ಎರಡನೆಯವಳು, ಇನ್ನೊಬ್ಬ ಪ್ರಬಂಧದಲ್ಲಿ ಮೊದಲಿಗ. ಆ ಸಾಲನ್ನೇ ತೆಗೆದು, ಇಬ್ಬರ ಹೆಸರನ್ನೂ ಆಯಾ ಸ್ಪರ್ಧೆಯ ಪಟ್ಟಿಗೆ ಸೇರಿಸಿದ್ದೇನೆ.

ಬೇಲೂರು ತಾಲ್ಲೂಕಿನ ಪುನರ್ವಸತಿ ಕಾರ್ಯಕರ್ತೆ:
ಆದರೆ ಗುರುತಿನ ಚೀಟಿಯ ಅರ್ಜಿಯಲ್ಲಿ ನ್ಯೂನತೆಯ ಹೆಸರನ್ನು ಸ್ಪಷ್ಟವಾಗಿಯೇ ಬರೆಸಿ, ಮೇಡಂ. ಅಲ್ಲಿ ಅದನ್ನು ಮರೆಮಾಚಿದರೆ ಮಕ್ಕಳಿಗೇ ನಷ್ಟ.