‘ಅಡಾಪ್ಟೇಶನ್’ಗೆ ‘ಹೊಂದಾಣಿಕೆ’ ಸಾಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ಹವಾಮಾನ ಬದಲಾವಣೆಯ ಬಗೆಗಿನ ಕಿರುಹೊತ್ತಗೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಳೆಕಾಡು, ಅದನ್ನು ನಂಬಿದ ಜನ, ಎರಡರ ‘ಅಡಾಪ್ಟೇಶನ್’ಗೂ, ಅಂದರೆ ಬದಲಾದ ಹವಾಮಾನಕ್ಕೆ ತಕ್ಕಂತೆ ಮಾರ್ಪಡುವುದಕ್ಕೂ, ಪತ್ರಿಕೆಗಳಲ್ಲಿ ‘ಹೊಂದಾಣಿಕೆ’ ಎಂದೇ ಕಾಣುತ್ತದೆ. ಚುನಾವಣೆ ಬಂದಾಗಲೆಲ್ಲ ‘ಹೊಂದಾಣಿಕೆ ರಾಜಕಾರಣ’ದ ಸುದ್ದಿ ಓದುವ ನನಗೆ, ಕಾಡೂ ಯಾರೊಂದಿಗೋ ಒಳಒಪ್ಪಂದ ಮಾಡಿಕೊಂಡಿತೇನೋ ಅನ್ನಿಸುತ್ತದೆ.

ಹತ್ತಿರದ ಪದವಾಗಿ ತೋಚಿದ್ದು ‘ಒಗ್ಗು’. ‘ಆ ಊರಿನ ನೀರು ನನಗೆ ಒಗ್ಗಲಿಲ್ಲ’ ಎನ್ನುವಾಗ ಕರ್ತೃ ನೀರು. ನಾನು ಬರೀ ನೆಗಡಿ ಹಿಡಿಸಿಕೊಂಡವನು. ‘ಆ ನೀರಿಗೆ ಒಗ್ಗಿಕೊಂಡೆ’ ಎಂದೊಡನೆ ಕೆಲಸ ನನ್ನದಾಗುತ್ತದೆ. ಎಲ್ಲ ‘ಕೊಳ್ಳು’ವಿನ ಮಹಿಮೆ.

ತೊಡಕೂ ಅಲ್ಲಿಯೇ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯನ್ನು, ಅಂದರೆ ಕಾಡುಜಾಯಿಕಾಯಿಯ ಜಾತಿಯ ಮರಗಳು ಬೆಳೆಯುವ ಜೌಗುಕಾಡನ್ನು, ನೋಡಿ. ವರ್ಷವಿಡೀ ಜಿನುಗುವ ನೀರು, ಕೆಸರಿನಿಂದ ಎದ್ದು ಮಂಡಿ ಮಡಿಸಿದಂತೆ ಮತ್ತೆ ಕೆಸರಿಗೇ ಇಳಿಯುವ ಬೇರುಗಳು. ಬೀಜ ಒಣಗಿತೆಂದರೆ ಮೊಳೆಯುವುದಿಲ್ಲ. ದೂರ ಒಯ್ಯಲು ಮಂಗಟ್ಟೆಯಂಥ ಹಕ್ಕಿ ಬೇಕು. ಬೇಸಗೆಯಲ್ಲಿ ಹಳ್ಳ ಬತ್ತಿದರೆ ಆ ಮರ ಯಾವುದಕ್ಕೆ ಒಗ್ಗಿಕೊಂಡೀತು? ಹಳ್ಳದ ನೀರನ್ನು ತೋಟಕ್ಕೆ ತಿರುಗಿಸದೆ ಬಿಡಬೇಕಾದವರು ನಾವು. ಹಾಗೆಂದು ‘ಕಾಡನ್ನು ಒಗ್ಗಿಸುವುದು’ ಎಂದು ಬರೆದರೆ ಆನೆ ಪಳಗಿಸಿದಂತಾಗುತ್ತದೆ. ‘ಒಗ್ಗಲು ಆಸ್ಪದ ಕೊಡುವುದು’ ಎಂದು ಸುತ್ತಿ ಬಳಸಿ ಬರೆದಿದ್ದೇನೆ.

ಜನರ ಮಾತು ಬೇರೆ. ಅದೇ ಸೀಮೆಯಲ್ಲಿ, ಹುಳಿ ಸಿಪ್ಪೆಗಾಗಿ ಕಾಡಿನಿಂದ ತರುವ ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಸಿಪ್ಪೆ ಒಣಗಿಸಲು ಬಿಸಿಲಿಲ್ಲ. ಬೆಂಕಿಯ ಮೇಲೆ ಹರವಿ ಕಾಯಬೇಕು. ಅದಕ್ಕೆ ರಾಶಿ ಸೌದೆ, ಆ ಸೌದೆಯೂ ಅದೇ ಕಾಡಿನದು. ಕಡಿಮೆ ಸೌದೆ ಬೇಡುವ ಒಲೆ ಹಾಕಿಸಿಕೊಂಡ ಮನೆಯವರು ಯಾವುದಕ್ಕೂ ಒಗ್ಗಿಕೊಂಡವರಲ್ಲ, ದಾರಿ ಮಾಡಿಕೊಂಡವರು. ‘ಸಂಭಾಳಿಸು’ ಎನ್ನೋಣವೆಂದರೆ ಅದು ಈ ಒಂದು ಮಳೆಗಾಲ ದಾಟಿದರೆ ಸಾಕೆನ್ನುವ ಮಾತು. ಇಂಗ್ಲಿಷಿನ ‘ಕೋಪಿಂಗ್’ಗೆ ಅದನ್ನು ಎತ್ತಿಟ್ಟಿದ್ದೇನೆ.

ಸದ್ಯಕ್ಕೆ ಕಾಡಿಗೆ ‘ಒಗ್ಗುವಿಕೆ’, ಜನರಿಗೆ ‘ಅಣಿಗೊಳ್ಳುವಿಕೆ’ ಎಂದು ಇಟ್ಟಿದ್ದೇನೆ. ಸಂಪಾದಕರಿಗೆ ಎರಡಕ್ಕೂ ಒಂದೇ ಪದ ಬೇಕು. ಮೂಲದಲ್ಲಿ ಒಂದೇ ಇದೆ ಎಂಬುದು ಅವರ ವಾದ. ಮೂಲಕ್ಕೆ ‘ಕೊಳ್ಳು’ ಇಲ್ಲ ಎಂಬುದು ನನ್ನದು.

ಮುಂಗಾರು ತಡವಾದಾಗ ಸಸಿಮಡಿಯನ್ನೋ ಕೊಯ್ಲನ್ನೋ ಹಿಂದೆ ಮುಂದೆ ಮಾಡುವುದಕ್ಕೆ ನಿಮ್ಮ ಕಡೆ ಏನೆನ್ನುತ್ತಾರೆ? ಕೊಡಗು, ಕರಾವಳಿ, ಬಿಳಿಗಿರಿರಂಗನ ಬೆಟ್ಟದ ಕಡೆಯ ಬಳಕೆ ಗೊತ್ತಿದ್ದವರು, ಪದದ ಜೊತೆಗೆ ಅದು ಬರುವ ಒಂದು ಇಡೀ ವಾಕ್ಯವನ್ನೂ ದಯವಿಟ್ಟು ಬರೆಯಿರಿ.